ನೀರಿನ ಗಾಡಿಯೂ ನ್ಯೂಟನ್ನನ ಸೂತ್ರವೂ



ಬೆಳಿಗ್ಗೆ ಎದ್ದು ನೀರಿನ ಗಾಡಿ ತಳ್ಳಿದ ಅನುಭವ ನಿಮ್ಮಲ್ಲಿ ಎಷ್ಟು ಜನಕ್ಕೆ ಇದೆ? ನಮ್ಮ ಕಡೆಯ ಅನೇಕ ಹಳ್ಳಿಗಳಲ್ಲಿ ನೀರು ತರುವ ಕೆಲಸ ಮಕ್ಕಳದ್ದೇ. ನಾಲ್ಕು ಗಾಲಿಯ ಒಂದು ಕಬ್ಬಿಣದ ಗಾಡಿ, ಅದರ ಮೇಲೆ ಸಾಲಾಗಿ ಪ್ಲಾಸ್ಟಿಕ್ ಕೊಡಗಳು. ಹೋಗುವಾಗ ಖಾಲಿ ಗಾಡಿ ಗಡಗಡ ಸದ್ದು ಮಾಡುತ್ತಾ ಓಡುತ್ತದೆ. ಬರುವಾಗ ಅದೇ ಗಾಡಿ ಮೊಂಡು ಎತ್ತಿನಂತೆ ಹಟ ಹಿಡಿಯುತ್ತದೆ. ಈ ಗಾಡಿಯಿಂದ ನಾನು ಒಂದು ಪಾಠ ಕಲಿತೆ. ಎಂ.ಎಸ್ಸಿ. ಓದುವಾಗ ನಾನು ಸರಿಯಾಗಿ ಗಮನಿಸದೆ ಬಿಟ್ಟಿದ್ದ ಪಾಠ ಅದು. ಅದನ್ನು ಕಲಿಸಿದವಳು ಒಬ್ಬ ವಿದ್ಯಾರ್ಥಿನಿ.

ಸುಮಾರು 15 ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ವಾರದಲ್ಲಿ ಮೂರು ದಿನವಾದರೂ ತಡವಾಗಿ ಬರುತ್ತಿದ್ದಳು. ನಾನು ಅವಳನ್ನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಆಮೇಲೆ ಒಳಗೆ ಬಿಡುತ್ತಿದ್ದೆ. ಯಾಕೆ ತಡ ಎಂದು ಒಂದು ದಿನವೂ ಕೇಳಿರಲಿಲ್ಲ.

ಒಂದು ಸೂತ್ರ, ಒಂದು ಪ್ರಶ್ನೆ

ಅಂದು ಬಲದ ಪಾಠ ನಡೆಯುತ್ತಿತ್ತು. ತಳ್ಳುವುದು, ಎಳೆಯುವುದು, ಇವೆರಡೂ ಬಲ ಎಂದು ಹೇಳಿ ಮುಂದಕ್ಕೆ ಹೋಗಬಹುದಿತ್ತು. ಆದರೆ ಓದಿದ ಹುಮ್ಮಸ್ಸು ನೋಡಿ! ಮುಂದಿನ ತರಗತಿಯ ಸೂತ್ರವನ್ನೂ ಹಲಗೆಯ ಮೇಲೆ ದೊಡ್ಡದಾಗಿ ಬರೆದುಬಿಟ್ಟೆ.

ಬಲ = ರಾಶಿ × ವೇಗೋತ್ಕರ್ಷ

ರಾಶಿ ಎಂದರೆ ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯವಿದೆ ಎಂಬುದರ ಅಳತೆ. ಅದನ್ನು ಕಿಲೋಗ್ರಾಂನಲ್ಲಿ ಹೇಳುತ್ತೇವೆ. ವೇಗೋತ್ಕರ್ಷ ಎಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಎಂಬುದು. ನಿಂತಿದ್ದ ಸೈಕಲ್ಲು ಒಂದು ಸೆಕೆಂಡಿನ ಕೊನೆಗೆ ಸೆಕೆಂಡಿಗೆ 1 ಮೀಟರ್ ವೇಗ ಪಡೆಯಿತು, ಎರಡನೆಯ ಸೆಕೆಂಡಿನ ಕೊನೆಗೆ 2 ಮೀಟರ್, ಮೂರನೆಯದರ ಕೊನೆಗೆ 3 ಮೀಟರ್ ಎನ್ನಿ. ಆಗ ಪ್ರತಿ ಸೆಕೆಂಡಿಗೂ ವೇಗ 1 ಮೀಟರಿನಷ್ಟು ಏರುತ್ತಿದೆ. ಹಾಗಾಗಿ ಅದರ ವೇಗೋತ್ಕರ್ಷ 1 ಮೀ/ಸೆ². 1 ಕಿ.ಗ್ರಾಂ. ರಾಶಿಗೆ 1 ಮೀ/ಸೆ² ವೇಗೋತ್ಕರ್ಷ ಕೊಡುವ ಬಲವೇ 1 ನ್ಯೂಟನ್.

ಇಷ್ಟನ್ನು ವಿವರಿಸಿ ಒಂದು ಲೆಕ್ಕವನ್ನೂ ಮಾಡಿ ತೋರಿಸಿದೆ. ರಾಶಿ 5 ಕಿ.ಗ್ರಾಂ., ವೇಗೋತ್ಕರ್ಷ 2 ಮೀ/ಸೆ², ಆದ್ದರಿಂದ ಬಲ 10 ನ್ಯೂಟನ್. ಮಕ್ಕಳು ಬರೆದುಕೊಂಡರು. ಪಾಠ ಮುಗಿಯಿತು ಎಂದು ಸೀಮೆಸುಣ್ಣ ಕೆಳಗಿಟ್ಟೆ. ಆಗ ತಡವಾಗಿ ಬರುವ ಆ ಹುಡುಗಿ ಎದ್ದು ನಿಂತಳು.

"ಸರ, ಒಂದ್ ಮಾತು ಕೇಳ್ಲೇನ್ರಿ?"

"ಕೇಳವ್ವಾ."

"ದಿನಾ ನಾವು ನೀರಿನ ಗಾಡಿ ನೂಕ್ತೀವ್ರಿ. ಟಾಕಿಯಿಂದ ಮನೀ ಮಟಾ ಗಾಡಿ ಒಂದ ಸಮ ಹೋಗ್ತೈತಿ. ಜೋರೂ ಆಗಂಗಿಲ್ಲ, ಮೆತ್ತಗೂ ಆಗಂಗಿಲ್ಲ. ಅಂದ್ರ ವೇಗೋತ್ಕರ್ಷ ಸೊನ್ನಿ ಅಲ್ರಿ? ಸೊನ್ನಿಗೆ ಎಷ್ಟರಿಂದ ಗುಣಿಸಿದ್ರೂ ಸೊನ್ನೀನ ಬರ್ತೈತಿ. ಹಂಗಾದ್ರ ನಾವು ಹಾಕೋ ಬಲ ಸೊನ್ನಿ ಏನ್ರಿ? ಮತ್ತ ಮೈಯೆಲ್ಲಾ ಯಾಕ ಬೆವರತೈತ್ರಿ?"

ತರಗತಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಉತ್ತರ ಥಟ್ಟನೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಒಪ್ಪಿಕೊಳ್ಳಲು ಮನಸ್ಸೂ ಬರಲಿಲ್ಲ. "ಸೂತ್ರಕ್ಕೂ ನಿಮ್ಮ ನೀರಿನ ಗಾಡಿಗೂ ಏನು ಸಂಬಂಧ? ಮೊದಲು ಹೊತ್ತಿಗೆ ಸರಿಯಾಗಿ ಶಾಲೆಗೆ ಬರೋದು ಕಲಿ" ಎಂದುಬಿಟ್ಟೆ. ಈಗ ಇಡೀ ತರಗತಿಯೇ ನಕ್ಕಿತು. ಅವಳು ಕೆಳಗೆ ಕುಳಿತಳು. ಆ ವಾರ ಮತ್ತೆ ಕೈ ಎತ್ತಲಿಲ್ಲ.

ಪಂಕ್ಚರ್ ಆದ ಮೋಟಾರ್ ಸೈಕಲ್

ಎರಡು ದಿನ ಬಿಟ್ಟು ಸಂಜೆ ಮನೆಗೆ ಹೊರಟಿದ್ದೆ. ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗ ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹತ್ತಿರದಲ್ಲಿ ಅಂಗಡಿ ಇಲ್ಲ. ಬೇರೆ ದಾರಿ ಕಾಣದೆ ತಳ್ಳುತ್ತಾ ನಡೆದೆ.

ರಸ್ತೆ ಸಮತಟ್ಟಾಗಿತ್ತು. ನಾನು ಒಂದೇ ಸಮ ನಡೆಯುತ್ತಿದ್ದೆ. ಗಾಡಿಯ ವೇಗ ಹೆಚ್ಚುತ್ತಲೂ ಇರಲಿಲ್ಲ, ಕಡಿಮೆಯಾಗುತ್ತಲೂ ಇರಲಿಲ್ಲ. ಅರ್ಧ ಕಿಲೋಮೀಟರ್ ಆಗುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಆಗ ಆ ಹುಡುಗಿಯ ಮಾತು ನೆನಪಾಯಿತು. ನನ್ನ ಗಾಡಿಯ ವೇಗೋತ್ಕರ್ಷ ಸೊನ್ನೆ. ನಾನು ಹಲಗೆಯ ಮೇಲೆ ಬರೆದ ಸೂತ್ರದ ಪ್ರಕಾರ ಬಲವೂ ಸೊನ್ನೆ. ಹಾಗಾದರೆ ಈ ಬೆವರು ಯಾರದ್ದು?

ಉಸಿರು ತೆಗೆದುಕೊಳ್ಳಲೆಂದು ತಳ್ಳುವುದನ್ನು ನಿಲ್ಲಿಸಿದೆ. ಗಾಡಿ ಒಂದೆರಡು ಹೆಜ್ಜೆ ಹೋಗಿ ನಿಂತೇಬಿಟ್ಟಿತು. ಗಾಳಿ ಇಲ್ಲದ ಟೈರು ನೆಲಕ್ಕೆ ಕಚ್ಚಿಕೊಂಡಿತ್ತು. ಉತ್ತರ ಅಲ್ಲೇ ಕಣ್ಣ ಮುಂದೆ ಇತ್ತು. ಗಾಡಿಯನ್ನು ತಳ್ಳುತ್ತಿದ್ದುದು ನಾನೊಬ್ಬನೇ ಅಲ್ಲ. ನಾನು ಮುಂದಕ್ಕೆ ತಳ್ಳುತ್ತಿದ್ದೆ, ಘರ್ಷಣೆ ಹಿಂದಕ್ಕೆ ತಳ್ಳುತ್ತಿತ್ತು. ನಾನು ಸೂತ್ರದಲ್ಲಿ ಒಂದು ಪದವನ್ನು ನುಂಗಿಬಿಟ್ಟಿದ್ದೆ. 'ನಿವ್ವಳ' ಎಂಬುದೇ ಆ ಪದ.

ನಿವ್ವಳ ಬಲ = ರಾಶಿ × ವೇಗೋತ್ಕರ್ಷ

ನಿವ್ವಳ ಎಂದರೇನು? ನಿಮ್ಮ ಅವ್ವ ಸಂತೆಯಲ್ಲಿ 500 ರೂಪಾಯಿಯ ತರಕಾರಿ ಮಾರಿದರು ಎಂದುಕೊಳ್ಳಿ. ಬೀಜ, ಗೊಬ್ಬರ, ಬಾಡಿಗೆ ಸೇರಿ 350 ರೂಪಾಯಿ ಖರ್ಚಾಗಿತ್ತು. ಉಳಿದ 150 ರೂಪಾಯಿಯೇ ನಿವ್ವಳ ಲಾಭ. ಖರ್ಚೂ 500 ಆಗಿದ್ದರೆ ಲಾಭ ಸೊನ್ನೆ. ಹಾಗೆಂದು ಅವರು ಸಂತೆಯಲ್ಲಿ ಏನನ್ನೂ ಮಾರಲೇ ಇಲ್ಲ ಎನ್ನಲಾಗುತ್ತದೆಯೇ? ಬಲವೂ ಹಾಗೆಯೇ. ಒಂದು ವಸ್ತುವಿನ ಮೇಲೆ ಒಂದು ದಿಕ್ಕಿನಲ್ಲಿರುವ ಬಲಗಳಿಂದ ಅದರ ವಿರುದ್ಧ ದಿಕ್ಕಿನ ಬಲಗಳನ್ನು ಕಳೆದಾಗ ಉಳಿಯುವುದೇ ನಿವ್ವಳ ಬಲ. ವಸ್ತುವಿನ ವೇಗ ಬದಲಾಗುವುದು ಈ ಉಳಿದ ಬಲದಿಂದ ಮಾತ್ರ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲದಿಂದ ಎಳೆದಾಗ ಹಗ್ಗ ಅಲುಗದೆ ನಿಲ್ಲುವುದನ್ನು ನೀವು ನೋಡಿದ್ದೀರಿ. ಆಗ ಬಲ ಹಾಕಿಲ್ಲವೇ ಎಂದು ಎಳೆದವರನ್ನೇ ಕೇಳಿ ನೋಡಿ!

ಆ ಹುಡುಗಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ವೇಗೋತ್ಕರ್ಷ ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆಯೇ. ಆದರೆ ಆ ಸೊನ್ನೆ ಅವಳು ಹಾಕಿದ ಬಲವಲ್ಲ, ನಿವ್ವಳ ಬಲ. ಈ ಮಾತನ್ನು ಹೇಳಬೇಕಾಗಿದ್ದವನು ನಾನು. ಹೇಳದೇ ಇದ್ದದ್ದು ನನ್ನ ತಪ್ಪು. ಸಾಲದ್ದಕ್ಕೆ ಅವಳನ್ನೇ ಗದರಿಸಿದ್ದೆ.

ಶನಿವಾರದ ಪ್ರಯೋಗ

ಮರುದಿನ ತರಗತಿಯಲ್ಲಿ ಎಲ್ಲರ ಎದುರಿಗೇ ಹೇಳಿದೆ: "ಆವತ್ತು ಅವಳು ಕೇಳಿದ ಪ್ರಶ್ನೆ ಸರಿಯಾಗಿತ್ತು. ನನಗೆ ಉತ್ತರ ತಿಳಿದಿರಲಿಲ್ಲ. ಗದರಿಸಿದ್ದು ತಪ್ಪಾಯಿತು." ತರಗತಿ ನಿಶ್ಶಬ್ದವಾಯಿತು. ಅವಳು ತಲೆ ಎತ್ತಲಿಲ್ಲ. ಗದರಿಸುವುದು ಒಂದು ಕ್ಷಣದ ಕೆಲಸ, ಅದನ್ನು ಅಳಿಸುವುದು ಅಷ್ಟು ಸುಲಭವಲ್ಲ ಎಂದು ಆಗ ಅರ್ಥವಾಯಿತು. "ಶನಿವಾರ ಶಾಲೆ ಬಿಟ್ಟ ಮೇಲೆ ನಿಮ್ಮ ನೀರಿನ ಗಾಡಿ ತರ್ತೀಯೇನವ್ವಾ? ನಿನ್ನ ಪ್ರಶ್ನೆಗೆ ಅಳತೆ ಮಾಡಿಯೇ ಉತ್ತರ ಹುಡುಕೋಣ" ಎಂದೆ. ಆಕೆ ಸಣ್ಣ ದನಿಯಲ್ಲಿ "ಹೂಂ ರಿ" ಎಂದಳು.

ಹಳೆಯ ಪೇಪರ್ ಕೊಳ್ಳುವವರು ಹಿಡಿದು ಬರುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ನೀವು ನೋಡಿರಬಹುದು. ಅಂತಹ ಒಂದು ತಕ್ಕಡಿಯನ್ನು ಪೇಟೆಯಿಂದ ಕೊಂಡು ತಂದೆ. ಜೊತೆಗೆ ಶಾಲೆಯ ಅಳತೆ ಟೇಪು, ಒಂದು ಡಿಜಿಟಲ್ ಕೈಗಡಿಯಾರ, ಸ್ವಲ್ಪ ಸುಣ್ಣದ ಪುಡಿ. ಇಷ್ಟೇ ನಮ್ಮ ಪ್ರಯೋಗಾಲಯ.

ಮೊದಲು ರಾಶಿಯ ಲೆಕ್ಕ. ನ್ಯಾಯಬೆಲೆ ಅಂಗಡಿಯ ತಕ್ಕಡಿಯ ಮೇಲೆ ಗಾಡಿಯನ್ನು ತೂಗಿದೆವು. 26 ಕಿ.ಗ್ರಾಂ. ಬಂತು. ಎಂಟು ಖಾಲಿ ಕೊಡಗಳು ಸೇರಿ 4 ಕಿ.ಗ್ರಾಂ. ಪ್ರತಿ ಕೊಡಕ್ಕೆ 15 ಲೀಟರ್ ನೀರು. ಒಂದು ಲೀಟರ್ ನೀರಿನ ರಾಶಿ ಹೆಚ್ಚುಕಡಿಮೆ 1 ಕಿ.ಗ್ರಾಂ. ಹಾಗಾಗಿ ನೀರು 120 ಕಿ.ಗ್ರಾಂ. ಎಲ್ಲ ಸೇರಿ 150 ಕಿ.ಗ್ರಾಂ. ಈ ಸಂಖ್ಯೆ ಕೇಳಿ ನಾನೇ ದಂಗಾದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿದಿನ ಮೂರು ಸಲ ಒಂದೂವರೆ ಕ್ವಿಂಟಾಲ್ ತಳ್ಳಿ ಆಮೇಲೆ ಶಾಲೆಗೆ ಬರುತ್ತಿದ್ದಳು!

ಎರಡನೆಯದು ಘರ್ಷಣೆಯ ಅಳತೆ. ಗಾಡಿಯ ಮುಂಭಾಗಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದೆವು. ಶಾಲೆಯ ಮುಂದಿನ ಗಟ್ಟಿ ಮಣ್ಣಿನ ರಸ್ತೆ ಸಮತಟ್ಟಾಗಿತ್ತು. ಒಬ್ಬ ಹುಡುಗ ಒಂದೇ ಸಮ ನಡೆಯುತ್ತಾ ಎಳೆಯಬೇಕು, ಇನ್ನೊಬ್ಬ ಪಕ್ಕದಲ್ಲಿ ನಡೆಯುತ್ತಾ ತಕ್ಕಡಿಯ ಮುಳ್ಳನ್ನು ಓದಬೇಕು. ಮುಳ್ಳು ನಾಲ್ಕೂವರೆಯಿಂದ ಐದೂವರೆಯ ನಡುವೆ ಅಲುಗಾಡುತ್ತಿತ್ತು. ನಡುವಿನ 5 ಎಂದು ಬರೆದುಕೊಂಡೆವು.

ಇಲ್ಲಿ ಒಂದು ಎಚ್ಚರಿಕೆ. ತಕ್ಕಡಿ ತೋರಿಸುವುದು ಕಿ.ಗ್ರಾಂ. ಅದು ಬಲದ ಮಾನವಲ್ಲ. ಭೂಮಿ ಪ್ರತಿ ವಸ್ತುವನ್ನೂ ತನ್ನತ್ತ ಎಳೆಯುತ್ತದೆ. ಕೈಬಿಟ್ಟ ವಸ್ತು ಭೂಮಿಯ ಬಳಿ ಸುಮಾರು 9.8 ಮೀ/ಸೆ² ವೇಗೋತ್ಕರ್ಷದಿಂದ ಬೀಳುತ್ತದೆ. ಆದ್ದರಿಂದ 1 ಕಿ.ಗ್ರಾಂ. ರಾಶಿಯನ್ನು ಭೂಮಿ ಎಳೆಯುವ ಬಲ 1 × 9.8 = 9.8 ನ್ಯೂಟನ್. ಅದೇ ಆ ವಸ್ತುವಿನ ತೂಕ. ನಾವು ಲೆಕ್ಕ ಸುಲಭವಾಗಲೆಂದು 9.8ರ ಬದಲು 10 ತೆಗೆದುಕೊಂಡೆವು. ಹಾಗಾದರೆ ತಕ್ಕಡಿಯ 5 ಎಂದರೆ ಸುಮಾರು 50 ನ್ಯೂಟನ್. ಒಂದು ನ್ಯೂಟನ್ ಎಷ್ಟು ಎಂದು ತಿಳಿಯಬೇಕೇ? 100 ಗ್ರಾಂ ಸೋಪನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅದು ನಿಮ್ಮ ಕೈಯನ್ನು ಒತ್ತುವ ಬಲ ಹೆಚ್ಚುಕಡಿಮೆ 1 ನ್ಯೂಟನ್.

ಒಂದೇ ಸಮ ಹೋಗುವ ಗಾಡಿಯನ್ನು 50 ನ್ಯೂಟನ್ ಬಲ ಮುಂದಕ್ಕೆ ಎಳೆಯುತ್ತಿದೆ. ಆದರೂ ವೇಗ ಏರುತ್ತಿಲ್ಲ. ಅಂದರೆ ಘರ್ಷಣೆಯೂ 50 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತಿದೆ. 50 − 50 = 0. ಹುಡುಗಿಯ ಸೊನ್ನೆ ಸಿಕ್ಕಿತು. ಅವಳ ಬೆವರಿಗೂ ಕಾರಣ ಸಿಕ್ಕಿತು. ಪ್ರತಿ ಹೆಜ್ಜೆಗೂ ಅವಳು 50 ನ್ಯೂಟನ್ ಬಲ ಹಾಕುತ್ತಿದ್ದಳು, ಅಷ್ಟನ್ನೂ ಘರ್ಷಣೆ ನುಂಗುತ್ತಿತ್ತು.

ಮೊದಲು ಲೆಕ್ಕ, ಆಮೇಲೆ ಅಳತೆ

ಇಷ್ಟಕ್ಕೇ ನಿಲ್ಲಿಸಿದರೆ ಸೂತ್ರ ನಿಜವೋ ಸುಳ್ಳೋ ಎಂದು ಹೇಗೆ ಗೊತ್ತಾಗಬೇಕು? ಒಂದು ಪಂದ್ಯ ಕಟ್ಟಿದೆವು. ತಕ್ಕಡಿಯ ಮುಳ್ಳು 8ರಲ್ಲಿ ನಿಲ್ಲುವಂತೆ ಎಳೆದರೆ 5 ಸೆಕೆಂಡಿನಲ್ಲಿ ಗಾಡಿ ಎಷ್ಟು ದೂರ ಹೋಗುತ್ತದೆ? ಅಳೆಯುವ ಮೊದಲೇ ಹೇಳಬೇಕು.

ಆ ಹುಡುಗಿಗೆ ಸೀಮೆಸುಣ್ಣ ಕೊಟ್ಟೆ. ಅವಳು ಶಾಲೆಯ ಕಟ್ಟೆಯ ಮೇಲೆ ಕುಳಿತು ಬರೆಯತೊಡಗಿದಳು.

ಎಳೆಯುವ ಬಲ: 80 ನ್ಯೂಟನ್
ಘರ್ಷಣೆ: 50 ನ್ಯೂಟನ್
ನಿವ್ವಳ ಬಲ: 80 − 50 = 30 ನ್ಯೂಟನ್
ರಾಶಿ: 150 ಕಿ.ಗ್ರಾಂ.
ವೇಗೋತ್ಕರ್ಷ: 30 ÷ 150 = 0.2 ಮೀ/ಸೆ²

ಅಂದರೆ ಪ್ರತಿ ಸೆಕೆಂಡಿಗೆ ವೇಗ 0.2 ಮೀಟರಿನಷ್ಟು ಏರುತ್ತದೆ. 5 ಸೆಕೆಂಡಿನ ಕೊನೆಗೆ ವೇಗ ಸೆಕೆಂಡಿಗೆ 1 ಮೀಟರ್. ಆರಂಭದಲ್ಲಿ ವೇಗ ಸೊನ್ನೆ, ಕೊನೆಯಲ್ಲಿ 1. ಸಮನಾಗಿ ಏರಿದ್ದರಿಂದ ಸರಾಸರಿ ವೇಗ ಅರ್ಧ ಮೀಟರ್. 5 ಸೆಕೆಂಡಿನಲ್ಲಿ ದೂರ 0.5 × 5 = 2.5 ಮೀಟರ್. "ಎರಡೂವರೆ ಮೀಟರ್ರಿ ಸರ" ಎಂದಳು. ನಾನು ಟೇಪಿನಿಂದ ಅಳೆದು ಎರಡೂವರೆ ಮೀಟರಿಗೆ ಸುಣ್ಣದ ಗೆರೆ ಎಳೆದೆ.

ನಿಜ ಹೇಳುತ್ತೇನೆ, ಆಗ ನನ್ನ ಎದೆಯೂ ಡವಡವ ಎನ್ನುತ್ತಿತ್ತು. ಗಾಡಿ ನಾಲ್ಕು ಮೀಟರ್ ಹೋಗಿಬಿಟ್ಟರೆ ಏನು ಗತಿ? ಮೊದಲ ಸಲ ಎಳೆದಾಗ ಗಾಡಿ 5 ಸೆಕೆಂಡಿಗೆ 2.3 ಮೀಟರ್ ಹೋಯಿತು. ಎರಡನೆಯ ಸಲ 2.7, ಮೂರನೆಯ ಸಲ 2.4. ಸರಾಸರಿ 2.47 ಮೀಟರ್. ಸುಣ್ಣದ ಗೆರೆಗಿಂತ ಮೂರು ಸೆಂಟಿಮೀಟರ್ ಹಿಂದೆ. ಮಕ್ಕಳು ಹೋ ಎಂದು ಕೂಗಿದರು.

ಮೂರು ಸಲವೂ ಬೇರೆ ಬೇರೆ ಉತ್ತರ ಬಂತಲ್ಲ, ಹಾಗಾದರೆ ಸೂತ್ರ ತಪ್ಪೇ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಎಳೆಯುವ ಕೈ ನಡುಗುತ್ತದೆ, ಮುಳ್ಳು 7ರಿಂದ 9ರವರೆಗೆ ಓಲಾಡುತ್ತದೆ, ಗಡಿಯಾರದ ಗುಂಡಿ ಒತ್ತುವುದು ಚೂರು ತಡವಾಗುತ್ತದೆ, ರಸ್ತೆಯಲ್ಲಿ ಸಣ್ಣ ಕಲ್ಲುಗಳಿರುತ್ತವೆ. ಆದ್ದರಿಂದಲೇ ಅಳತೆಯನ್ನು ಒಂದೇ ಸಲ ಮಾಡಿ ಬಿಡಬಾರದು. ಹಲವು ಸಲ ಮಾಡಿ ಸರಾಸರಿ ತೆಗೆಯಬೇಕು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಗಾಡಿ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಹಗ್ಗ ಸಡಿಲ ಬಿಟ್ಟೆವು. ಈಗ ಎಳೆಯುವ ಬಲವಿಲ್ಲ. ಹಿಂದಕ್ಕೆ ಎಳೆಯುವ ಘರ್ಷಣೆ ಮಾತ್ರ ಇದೆ. 50 ÷ 150 = 0.33. ಪ್ರತಿ ಸೆಕೆಂಡಿಗೆ ವೇಗ 0.33 ಮೀಟರಿನಷ್ಟು ಇಳಿಯಬೇಕು. ಹಾಗಾದರೆ 3 ಸೆಕೆಂಡಿನಲ್ಲಿ, ಒಂದೂವರೆ ಮೀಟರ್ ದೂರದಲ್ಲಿ ಗಾಡಿ ನಿಲ್ಲಬೇಕು. ನಿಂತದ್ದೂ ಅದರ ಆಸುಪಾಸಿನಲ್ಲೇ. ನೋಡಿ, ವೇಗ ಇಳಿಯುವುದಕ್ಕೂ ಅದೇ ಸೂತ್ರ. ನಿವ್ವಳ ಬಲ ಚಲನೆಯ ದಿಕ್ಕಿನಲ್ಲಿದ್ದರೆ ವೇಗ ಏರುತ್ತದೆ, ವಿರುದ್ಧ ದಿಕ್ಕಿನಲ್ಲಿದ್ದರೆ ಇಳಿಯುತ್ತದೆ, ಸೊನ್ನೆಯಾಗಿದ್ದರೆ ಇದ್ದ ವೇಗವೇ ಮುಂದುವರಿಯುತ್ತದೆ.

ಪ್ರಶ್ನೆ ಹಳೆಯದು

ಆ ಹುಡುಗಿಯ ಪ್ರಶ್ನೆಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ ಎಂದರೆ ನಂಬುತ್ತೀರಾ? ಗ್ರೀಸ್ ದೇಶದ ಅರಿಸ್ಟಾಟಲ್, ನೆಲದ ಮೇಲಿನ ವಸ್ತು ಚಲಿಸುತ್ತಲೇ ಇರಬೇಕಾದರೆ ಅದನ್ನು ತಳ್ಳುತ್ತಲೇ ಇರಬೇಕು ಎಂದು ತಿಳಿದಿದ್ದ. ನೀರಿನ ಗಾಡಿ ತಳ್ಳಿದ ಯಾರಿಗಾದರೂ ಅದು ನಿಜ ಎಂದೇ ಅನ್ನಿಸುತ್ತದೆ. ಯಾಕೆಂದರೆ ಘರ್ಷಣೆ ಕಣ್ಣಿಗೆ ಕಾಣುವುದಿಲ್ಲ.

ಇಟಲಿಯ ಗೆಲಿಲಿಯೊ ಮರದ ಹಲಗೆಯಲ್ಲಿ ನುಣುಪಾದ ಕಾಲುವೆ ಕೊರೆದು, ಅದನ್ನು ಇಳಿಜಾರಾಗಿ ಇಟ್ಟು ಕಂಚಿನ ಗುಂಡು ಉರುಳಿಸಿದ. ಆಗ ಸೆಕೆಂಡ್ ತೋರಿಸುವ ಒಳ್ಳೆಯ ಗಡಿಯಾರಗಳಿರಲಿಲ್ಲ. ಪಾತ್ರೆಯಿಂದ ಸಣ್ಣ ಧಾರೆಯಾಗಿ ಬೀಳುವ ನೀರನ್ನು ಹಿಡಿದು ತೂಗಿ ಆತ ಕಾಲವನ್ನು ಅಳೆದ. ಈ ಪ್ರಯೋಗದ ವಿವರ 1638ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿದೆ. ಅಡ್ಡಿ ಇಲ್ಲದಿದ್ದರೆ ಸಮತಟ್ಟಾದ ನೆಲದ ಮೇಲೆ ಉರುಳುವ ಗುಂಡು ಉರುಳುತ್ತಲೇ ಇರುತ್ತದೆ ಎಂಬ ನಿರ್ಧಾರಕ್ಕೆ ಆತ ಬಂದ. ಇಂಗ್ಲೆಂಡಿನ ಐಸಾಕ್ ನ್ಯೂಟನ್ 1687ರಲ್ಲಿ 'ಪ್ರಿನ್ಸಿಪಿಯಾ' ಎಂಬ ಗ್ರಂಥದಲ್ಲಿ ಚಲನೆಯ ಮೂರು ನಿಯಮಗಳನ್ನು ಕೊಟ್ಟ. ಅದರಲ್ಲಿ ಎರಡನೆಯ ನಿಯಮವೇ ನಮ್ಮ ಸೂತ್ರದ ತಾಯಿ. 1948ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಬಲದ ಮಾನಕ್ಕೆ 'ನ್ಯೂಟನ್' ಎಂಬ ಹೆಸರನ್ನು ಒಪ್ಪಿಕೊಂಡಿತು.

ಕ್ರಿಕೆಟ್ ಚೆಂಡು, ಚಂದ್ರಯಾನ

ಸೂತ್ರ ಗಾಡಿಗೆ ಮಾತ್ರವಲ್ಲ. ಕ್ಯಾಚ್ ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳಿ ಎಂದು ನಿಮ್ಮ ದೈಹಿಕ ಶಿಕ್ಷಕರು ಹೇಳುತ್ತಾರಲ್ಲ, ಯಾಕೆ? ಕ್ರಿಕೆಟ್ ಚೆಂಡಿನ ರಾಶಿ ಸುಮಾರು 160 ಗ್ರಾಂ. ಅದು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುತ್ತಿದೆ ಎನ್ನಿ. ಕೈ ಅಲುಗಿಸದೆ ಹಿಡಿದರೆ ಚೆಂಡು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ನಿಲ್ಲುತ್ತದೆ ಎಂದುಕೊಳ್ಳೋಣ. ವೇಗ 20ರಿಂದ ಸೊನ್ನೆಗೆ 0.01 ಸೆಕೆಂಡಿನಲ್ಲಿ ಇಳಿದರೆ ವೇಗೋತ್ಕರ್ಷದ ಪ್ರಮಾಣ 20 ÷ 0.01 = 2000 ಮೀ/ಸೆ². ಬಲ 0.16 × 2000 = 320 ನ್ಯೂಟನ್. ಅಂಗೈ ಮೇಲೆ 32 ಕಿ.ಗ್ರಾಂ. ಭಾರ ಬಿದ್ದಂತೆ! ಕೈಗಳನ್ನು ಹಿಂದಕ್ಕೆ ಎಳೆಯುತ್ತಾ 0.1 ಸೆಕೆಂಡಿನಲ್ಲಿ ನಿಲ್ಲಿಸಿದರೆ ವೇಗೋತ್ಕರ್ಷ 200 ಮೀ/ಸೆ², ಬಲ 32 ನ್ಯೂಟನ್ ಮಾತ್ರ. ಹತ್ತರಲ್ಲಿ ಒಂದು ಪಾಲು.

ಈ ಲೆಕ್ಕದಲ್ಲಿ ಮಕ್ಕಳು ಹೆಚ್ಚಾಗಿ ಮಾಡುವ ತಪ್ಪೊಂದಿದೆ. 160 ಗ್ರಾಂ ಅನ್ನು 0.16 ಕಿ.ಗ್ರಾಂ. ಎಂದು ಬದಲಾಯಿಸದೆ 160 × 2000 = 3,20,000 ನ್ಯೂಟನ್ ಎಂದು ಬರೆಯುತ್ತಾರೆ. ಅದು 32 ಟನ್ ಭಾರಕ್ಕೆ ಸಮ. ಕ್ಯಾಚ್ ಹಿಡಿದವನ ಗತಿ ಏನಾಗಬೇಕು ಯೋಚಿಸಿ! ಉತ್ತರ ಬಂದ ಮೇಲೆ ಇದು ನಡೆಯುವಂಥದ್ದೇ ಎಂದು ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ಅನೇಕ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಇನ್ನು ದೊಡ್ಡ ಉದಾಹರಣೆ. ಚಂದ್ರಯಾನ-3ನ್ನು 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊತ್ತೊಯ್ದ ಎಲ್.ವಿ.ಎಂ.-3 ರಾಕೆಟ್ಟಿನ ರಾಶಿ ಹೊರಡುವಾಗ ಸುಮಾರು 640 ಟನ್, ಅಂದರೆ 6,40,000 ಕಿ.ಗ್ರಾಂ. ಭೂಮಿ ಅದನ್ನು 6,40,000 × 9.8 = 62,72,000 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಎಂಜಿನುಗಳು ಮೇಲಕ್ಕೆ ಸರಿಯಾಗಿ ಅಷ್ಟೇ ಬಲ ಹಾಕಿದರೆ ನಿವ್ವಳ ಬಲ ಸೊನ್ನೆ. ರಾಕೆಟ್ಟು ಬೆಂಕಿ ಉಗುಳುತ್ತಾ ನಿಂತಲ್ಲೇ ನಿಂತಿರುತ್ತದೆ. ಅದಕ್ಕಿಂತ ಹೆಚ್ಚಿಗೆ ಎಷ್ಟು ಬಲವಿದೆಯೋ ಅಷ್ಟು ಮಾತ್ರ ಅದನ್ನು ಮೇಲಕ್ಕೆ ಏರಿಸುತ್ತದೆ. ನೀರಿನ ಗಾಡಿಗೂ ರಾಕೆಟ್ಟಿಗೂ ಒಂದೇ ನಿಯಮ. ಒಂದರಲ್ಲಿ ಕಳೆಯಬೇಕಾದದ್ದು ಘರ್ಷಣೆ, ಇನ್ನೊಂದರಲ್ಲಿ ಮುಖ್ಯವಾಗಿ ತೂಕ.

ಉಳಿದ ಹತ್ತು ನ್ಯೂಟನ್

ಮತ್ತೆ ಆ ಶನಿವಾರಕ್ಕೆ ಬರೋಣ. ಎಲ್ಲ ಮುಗಿಸಿ ಟೇಪು ಸುತ್ತುತ್ತಿದ್ದೆ. ಹುಡುಗಿ ಗಾಡಿಯ ಪಕ್ಕ ಕುಳಿತು ಗಾಲಿಯನ್ನೇ ನೋಡುತ್ತಿದ್ದಳು.

"ಸರ, ನಾವು ಹಾಕೋ ಐವತ್ತೂ ಘರ್ಷಣೆಗೇ ಹೋಗ್ತೈತಿ ಅಂದ್ರ, ಘರ್ಷಣೆ ಕಡಿಮಿ ಮಾಡಿದ್ರ ನಾವು ಹಾಕೋದೂ ಕಡಿಮಿ ಆಗ್ಬೇಕಲ್ರಿ?"

ವಾರದ ನಂತರ ಅವಳು ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಹೊಳೆಯದೇ ಇದ್ದ ಪ್ರಶ್ನೆ ಕೂಡ. ಗಾಡಿಯನ್ನು ಖಾಲಿ ಮಾಡಿ ಮಗುಚಿ ಹಾಕಿದೆವು. ಗಾಲಿಯ ಅಚ್ಚಿಗೆ ನಾರು, ಕೂದಲು, ಪ್ಲಾಸ್ಟಿಕ್ ಚೂರು ಸುತ್ತಿಕೊಂಡು ಗಟ್ಟಿಯಾಗಿದ್ದವು. ಅವನ್ನೆಲ್ಲ ಕಿತ್ತು, ಬಸ್ ನಿಲ್ದಾಣದ ಬಳಿಯ ಗ್ಯಾರೇಜಿನಿಂದ ಗ್ರೀಸ್ ತಂದು ಹಚ್ಚಿದೆವು. ಮತ್ತೆ ಅದೇ ಎಂಟು ಕೊಡ ತುಂಬಿಸಿ, ಅದೇ ರಸ್ತೆಯಲ್ಲಿ ಒಂದೇ ಸಮ ಎಳೆದೆವು. ಮುಳ್ಳು 4ರ ಸುತ್ತ ಅಲುಗಾಡಿತು. 50 ಇದ್ದದ್ದು 40 ನ್ಯೂಟನ್ ಆಗಿತ್ತು.

"ಹತ್ತು ನ್ಯೂಟನ್ ಉಳೀತ್ರಿ ಸರ" ಎಂದು ನಕ್ಕಳು. ರಾಶಿ ಬದಲಾಗಿಲ್ಲ, ವೇಗೋತ್ಕರ್ಷ ಆಗಲೂ ಸೊನ್ನೆ, ಈಗಲೂ ಸೊನ್ನೆ. ಆದರೆ ಅವಳು ಪ್ರತಿ ಹೆಜ್ಜೆಗೂ ಹಾಕಬೇಕಾದ ಬಲದಲ್ಲಿ ಐದನೆಯ ಒಂದು ಪಾಲು ಕಡಿಮೆಯಾಯಿತು. ಮುಂದಿನ ವಾರ ಆ ಓಣಿಯ ಇನ್ನೂ ನಾಲ್ಕು ಗಾಡಿಗಳು ಶಾಲೆಯ ಮುಂದೆ ಬಂದು ನಿಂತವು. ಎಲ್ಲರಿಗೂ ಗ್ರೀಸ್ ಬೇಕಿತ್ತು!

ಆಮೇಲೆ ಅವಳು ಹೊತ್ತಿಗೆ ಸರಿಯಾಗಿ ಬರತೊಡಗಿದಳು ಎಂದು ಬರೆದರೆ ನಿಮಗೆ ಖುಷಿಯಾಗಬಹುದು. ಆದರೆ ಹಾಗಾಗಲಿಲ್ಲ. ಟಾಕಿಗೆ ನೀರು ಬಿಡುವ ಹೊತ್ತು ಅವಳ ಕೈಯಲ್ಲಿರಲಿಲ್ಲ. ಬದಲಾದದ್ದು ನಾನು. ತಡವಾಗಿ ಬಂದ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸುವುದನ್ನು ಬಿಟ್ಟೆ. ಯಾಕೆ ತಡ ಎಂದು ಮೊದಲು ಕೇಳುವುದನ್ನು ಕಲಿತೆ.

ಈಗ ನಾನು ಜಿಲ್ಲೆಯ ಬೇರೆ ಬೇರೆ ಶಾಲೆಗಳಿಗೆ ಹೋಗುತ್ತಿರುತ್ತೇನೆ. ಆ ಸ್ಪ್ರಿಂಗ್ ತಕ್ಕಡಿ ಈಗಲೂ ನನ್ನ ಚೀಲದಲ್ಲಿದೆ. ನಿಮ್ಮ ಶಾಲೆಗೆ ಬಂದಾಗ ಕೇಳಿ, ಕೊಡುತ್ತೇನೆ. ನೀರಿನ ಗಾಡಿ, ತಳ್ಳುಬಂಡಿ, ಸೈಕಲ್ಲು, ಯಾವುದನ್ನಾದರೂ ಎಳೆದು ನೋಡೋಣ. ನಿಮ್ಮ ಮನಸ್ಸಿನಲ್ಲಿ ಪ್ರಶ್ನೆ ಇದ್ದರೆ ಕೈ ಎತ್ತಿ. ಶಿಕ್ಷಕರಿಗೆ ಆ ಕ್ಷಣ ಉತ್ತರ ಹೊಳೆಯದೇ ಇರಬಹುದು, ಪ್ರಶ್ನೆಯನ್ನು ಬಿಡಬೇಡಿ.

ನೀವೇ ಮಾಡಿ ನೋಡಿ

1. ಸೈಕಲ್ಲು ಮತ್ತು ಸವಾರನ ಒಟ್ಟು ರಾಶಿ 60 ಕಿ.ಗ್ರಾಂ. ವೇಗೋತ್ಕರ್ಷ 0.5 ಮೀ/ಸೆ². ಘರ್ಷಣೆ ಮತ್ತು ಗಾಳಿಯ ತಡೆ ಸೇರಿ 10 ನ್ಯೂಟನ್. ನಿವ್ವಳ ಬಲ ಎಷ್ಟು? ಸೈಕಲ್ಲನ್ನು ಮುಂದಕ್ಕೆ ಒಯ್ಯುವ ಬಲ ಎಷ್ಟು?

2. 8000 ಕಿ.ಗ್ರಾಂ. ರಾಶಿಯ ಬಸ್ಸು ನೇರ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಒಂದೇ ಸಮ ಹೋಗುತ್ತಿದೆ. ಅದರ ಮೇಲಿನ ನಿವ್ವಳ ಬಲ ಎಷ್ಟು?

3. ನೀರು ತುಂಬಿದ 10 ಕಿ.ಗ್ರಾಂ. ಬಿಂದಿಗೆಯನ್ನು ಬಾವಿಯಿಂದ ಒಂದೇ ಸಮ ಮೇಲಕ್ಕೆ ಎಳೆಯುತ್ತಿದ್ದೀರಿ. ಹಗ್ಗ ಬಿಂದಿಗೆಯನ್ನು ಎಷ್ಟು ಬಲದಿಂದ ಎಳೆಯುತ್ತಿದೆ? 0.2 ಮೀ/ಸೆ² ವೇಗೋತ್ಕರ್ಷದಿಂದ ಮೇಲಕ್ಕೆ ಎಳೆದರೆ ಎಷ್ಟು? (ಇಲ್ಲಿ 9.8 ಬಳಸಿ.)

ಉತ್ತರಗಳು: 1) 30 ನ್ಯೂಟನ್, 40 ನ್ಯೂಟನ್. 2) ಸೊನ್ನೆ. ಎಂಜಿನ್ನಿನ ಬಲವೆಲ್ಲ ಘರ್ಷಣೆ ಮತ್ತು ಗಾಳಿಯ ತಡೆಗೆ ಸರಿಹೋಗುತ್ತದೆ. 3) 98 ನ್ಯೂಟನ್; 98 + 2 = 100 ನ್ಯೂಟನ್.